ಹುಣಸೆಬಾವಿಯ ಬಗ್ಗೆ ಒಂದು ತಿದ್ದುಪಡಿ

ಮೇ ೪೭, ೨೨೩೧
ಹುಣಸೆಬಾವಿ ತಂಗುದಾಣ, ಇಳಕಲ್ಲಿನ ಹೆದ್ದಾರಿ

ಪೂಜ್ಯ ಇಂದುಮತಿ ಬಳಿಗಾರ ಅಕ್ಕೋರಿಗೆ, ನಿಂಬೆವ್ವ ಮಾಡುವ ಶರಣಾರ್ಥಿಗಳು.

ತಾರೀಖು ನೋಡಿ ನಗಬೇಡಿ. ಮೊದಲ ಮಳೆ ಬೀಳುವವರೆಗೂ ಮೇ ತಿಂಗಳು ಮುಗಿಯಿತೆಂದು ನಾವು ಒಪ್ಪುವುದಿಲ್ಲ. ಕೆಲವು ವರ್ಷ ಅದು ಎಂಬತ್ತು ದಿನ ಎಳೆಯುತ್ತದೆ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳೂ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ನೀವು ಧಾರವಾಡದಲ್ಲಿ ಭೂಗೋಳ ಕಲಿಸಿ, ನಿವೃತ್ತಿಯಾದ ಮೇಲೆ ಯಜಮಾನರ ಜೊತೆ ಕ್ಯಾಂಪರ್ ವ್ಯಾನ್ ಕೊಂಡು ದೇಶ ಸುತ್ತಿದವರು. ನಿಮಗದು ಹವ್ಯಾಸವಾಗಿತ್ತು. ನಮಗೆ ಬೇರೆ ಮನೆಯೇ ಇಲ್ಲ. ನೀರು ಒಂದೆಡೆ ನಿಲ್ಲದಿದ್ದ ಮೇಲೆ ಜನ ಹೇಗೆ ನಿಂತಾರು? ಅದಕ್ಕೇ ಗಾಡಿಮನೆಯಲ್ಲಿ ಹುಟ್ಟುತ್ತೇವೆ, ಗಾಡಿಮನೆಯಲ್ಲೇ ಮದುವೆಯಾಗುತ್ತೇವೆ, ಎಂಟೊಂಬತ್ತು ಗಾಡಿಗಳ ಸಾಲು ಕಟ್ಟಿಕೊಂಡು ನೀರಿನ ಹಿಂದೆ ಹೋಗುತ್ತೇವೆ.

ಇನ್ನೂರು ವರ್ಷದ ಹಿಂದೆ ದಾರಿಯಲ್ಲಿ ನೀವು ಬರೆದಿಟ್ಟ ನೋಟುಬುಕ್ಕು ನಮ್ಮಲ್ಲಿದೆ. ಮೂಲ ಪ್ರತಿ ಎಂದೋ ಪುಡಿಯಾಯಿತು. ಕೈಯಿಂದ ಕೈಗೆ ನಕಲಾದ ಆರನೆಯ ಪ್ರತಿಯನ್ನು ಇಟ್ಟುಕೊಂಡವಳು ನಾನು. ಎಲ್ಲರೂ ಅದನ್ನು ಅಕ್ಕೋರ ಪುಸ್ತಕ ಎನ್ನುತ್ತಾರೆ. ಗಾಡಿ ಹೊರಡುವ ಮುಂಚೆ ಪಾತ್ರೆಯ ಮುಚ್ಚಳಗಳನ್ನು ಹಳೆ ಸೀರೆಯ ಪಟ್ಟಿಯಿಂದ ಬಿಗಿಯಬೇಕು, ಕೊಳೆನೀರನ್ನು ಬಾವಿಯಿಂದ ನೂರು ಹೆಜ್ಜೆ ಆಚೆ ಗಿಡದ ಬುಡಕ್ಕೆ ಬಿಡಬೇಕು, ಯಾರದೇ ಹೊಲದ ಮುಂದೆ ನಿಲ್ಲಿಸುವ ಮೊದಲು ಇಳಿದು ಕೇಳಬೇಕು, ಬೈದರೂ ನಮಸ್ಕಾರ ಮಾಡಿಯೇ ಹೊರಡಬೇಕು. ಇದೆಲ್ಲ ನಿಮ್ಮಿಂದ ಕಲಿತದ್ದು. ನೆಲ ಸಮವಾಗಿದೆಯೇ ಎಂದು ತಿಳಿಯಲು ಗಾಡಿಯೊಳಗೆ ನಿಂಬೆಹಣ್ಣು ಇಟ್ಟು ನೋಡಿ, ಉರುಳಿದ ಕಡೆಯ ಗಾಲಿಗೆ ಕಲ್ಲು ಕೊಡಿ ಎಂದಿದ್ದೀರಿ. ಈಗಲೂ ಯಾವ ಹೆಂಗಸೂ ನಿಂಬೆ ನೋಡದೆ ಒಲೆ ಹೊತ್ತಿಸುವುದಿಲ್ಲ. ನಾನು ಹುಟ್ಟಿದ ದಿನ ಅವ್ವನ ಕೈಯಲ್ಲಿ ಆ ಹಣ್ಣೇ ಇತ್ತಂತೆ, ಹೆಸರು ಹುಡುಕುವ ಕಷ್ಟ ತಪ್ಪಿತು ನೋಡಿ. ಬಿಸಿಲುಚಾವಣಿ ಎಂದರೆ ಸೂರ್ಯನಿಂದ ಬ್ಯಾಟರಿ ತುಂಬುವ ನಮ್ಮ ಮಾಡು. ಅದು ಕೊಟ್ಟಷ್ಟೇ ನಮ್ಮ ಓಟ. ನಸುಕಿನಲ್ಲಿ ಎರಡು ತಾಸು ಓಡಿಸಿ, ಬಿಸಿಲೇರುವ ಮೊದಲು ನೆರಳು ಸೇರುತ್ತೇವೆ.

ನಿಮ್ಮಲ್ಲಿ ಇರದಿದ್ದ ಒಂದು ಪದ್ಧತಿ ನಮ್ಮಲ್ಲಿದೆ. ಅದರ ಹೆಸರು ಹೊರಡುಬರಹ. ತಂಗುದಾಣ ಬಿಡುವವರು ಬಾವಿಗೆ ತಮ್ಮ ಕೈಯಿಂದ ಕೊಡ ಇಳಿಸಿ, ಬಂದ ನೀರನ್ನು ಕುಡಿದು, ಹಗ್ಗ ಎಷ್ಟು ಮಾರು ಇಳಿಯಿತೆಂದು ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆಯಬೇಕು. ಅದನ್ನೇ ರೇಡಿಯೊದಲ್ಲಿ ಓದಬೇಕು. ಹಿಂದೆ ಬರುವವರು ಅದನ್ನು ಕೇಳಿ ಎಷ್ಟು ನೀರು ಹೊರಬೇಕೆಂದು ತೀರ್ಮಾನಿಸುತ್ತಾರೆ. ನೀರು ಜಾಸ್ತಿಯಾದರೆ ಗಾಡಿ ಭಾರ, ಬ್ಯಾಟರಿ ಏರು ಹತ್ತುವುದಿಲ್ಲ. ಕಡಿಮೆಯಾದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಒಂಬತ್ತು ವರ್ಷದ ಕೆಳಗೆ ನಮ್ಮ ಸಾಲು ಇದೇ ಹುಣಸೆಬಾವಿಯಲ್ಲಿ ಒಂದು ದಿನ ತಂಗಿತ್ತು. ನಮ್ಮ ತೊಟ್ಟಿಗಳು ತುಂಬಿದ್ದವು, ಯಾರೂ ಬಾವಿಯ ಹತ್ತಿರ ಹೋಗಿರಲಿಲ್ಲ. ಹೊರಡುವಾಗ ಬರೆಯುವ ಸರದಿ ನನ್ನದು. ಮುಂದಿನ ಗಾಡಿಗಳು ಆಗಲೇ ಕದಲಿದ್ದವು. ನಾನು ಪುಸ್ತಕ ತೆರೆದೆ. ಹುಣಸೆಬಾವಿಯ ಪುಟದಲ್ಲಿ ನೀವು ಬರೆದದ್ದು ಒಂದೇ ಸಾಲು: ಇಲ್ಲಿ ಯಾವಾಗಲೂ ಸಿಹಿನೀರು ಇರುತ್ತದೆ. ನಾನು ಕೊಡ ಇಳಿಸಲಿಲ್ಲ. ಅಕ್ಕೋರೇ ಬರೆದ ಮೇಲೆ ಇನ್ನೇನು ನೋಡುವುದು ಎಂದುಕೊಂಡೆ. ಪುಸ್ತಕ ನನ್ನ ಬಳಿ ಇದೆಯೆಂಬ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಕಣ್ಣಿಂದಲೂ ನೋಡಲಿಲ್ಲ. ನೀರಿದೆ, ಏಳು ಮಾರು, ಸಿಹಿ ಎಂದು ಬರೆದು, ರೇಡಿಯೊದಲ್ಲಿ ಓದಿ ಹೊರಟೆ.

ನಮಗಿಂತ ನಾಲ್ಕು ದಿನದ ದಾರಿ ಹಿಂದೆ ನನ್ನ ತಂಗಿ ಪಾರವ್ವ ಬರುತ್ತಿದ್ದಳು. ಗಂಡ, ಏಳು ತಿಂಗಳ ಕೂಸು ಮುಕ್ತಾ, ಒಂದೇ ಗಾಡಿ. ಗಂಡ ಎರಡು ತೊಟ್ಟಿ ತುಂಬಿಸೋಣ ಎಂದನಂತೆ. ಅವಳು, “ಅಕ್ಕನ ದನಿ ಕೇಳಿಲ್ಲೇನು? ಏಳ್ ಮಾರಿಗೆ ನೀರೈತಂತ. ಸುಮ್ನ ಯಾಕ ಭಾರ ಹೊರಸ್ತಿ?” ಎಂದು ಅರ್ಧ ತೊಟ್ಟಿಯಲ್ಲೇ ಹೊರಟಳಂತೆ. ಇಲ್ಲಿಗೆ ಬಂದಾಗ ಬಾವಿಯ ತಳದಲ್ಲಿ ಬಿರುಕು ಬಿಟ್ಟ ಕೆಸರಿತ್ತು. ಅದೇ ದಿನ ದೂಳುಗಾಳಿ ಎದ್ದು ಸೂರ್ಯನನ್ನು ಮುಚ್ಚಿತು, ಬಿಸಿಲುಚಾವಣಿ ಕೈಕೊಟ್ಟಿತು. ಮುಂದಿನ ನೀರು ತೊಂಬತ್ತು ಕಿಲೋಮೀಟರ್. ಮೂರನೆಯ ದಿನ ಬೇರೊಂದು ಸಾಲು ಬಂದು ಬಾಗಿಲು ತಟ್ಟಿದಾಗ ಗಂಡಹೆಂಡತಿ ಬದುಕಿದ್ದರು. ಕೂಸು ಇರಲಿಲ್ಲ.

ನಮ್ಮಲ್ಲಿ ಸುಳ್ಳು ಹೊರಡುಬರಹಕ್ಕೆ ಒಂದೇ ಶಿಕ್ಷೆ, ಗಾಲಿ ಬಿಚ್ಚುವುದು. ಹಿರಿಯರು ನನ್ನ ಗಾಡಿಯನ್ನು ಈ ಬಾವಿಯ ಪಕ್ಕ ತಂದು ನಾಲ್ಕೂ ಗಾಲಿ ಬಿಚ್ಚಿಕೊಂಡು ಹೋದರು. ಹಾದುಹೋಗುವ ಸಾಲುಗಳು ನನ್ನ ಬಳಿ ಎರಡೆರಡು ಕೊಡ ನೀರು ಇಟ್ಟು ಹೋಗುತ್ತವೆ, ಒಣಗಿ ಬಂದವರಿಗೆ ನಾನು ಕೊಡುತ್ತೇನೆ. ದಿನಾ ಬೆಳಗ್ಗೆ ಬಾವಿಗೆ ಕೊಡ ಇಳಿಸಿ, ಕಂಡದ್ದನ್ನು ರೇಡಿಯೊದಲ್ಲಿ ಹೇಳುತ್ತೇನೆ. ಓಡಾಡುವ ಜನರಿಗೆ ಕೂತಲ್ಲೇ ಕೂರುವುದೆಂದರೆ ಏನೆಂದು ನಿಮ್ಮ ಕಾಲದವರಿಗೆ ತಿಳಿಯಲಿಕ್ಕಿಲ್ಲ. ಮೊದಲ ವರ್ಷ ನನಗೆ ಗಾಡಿ ಅಲುಗದಿದ್ದರೆ ನಿದ್ದೆಯೇ ಬರುತ್ತಿರಲಿಲ್ಲ.

ಪಾರವ್ವ ಎಂಟು ವರ್ಷ ಇಲ್ಲಿ ನಿಲ್ಲಿಸಲಿಲ್ಲ. ಹೋದ ವರ್ಷ ನಿಲ್ಲಿಸಿದಳು. ನನ್ನ ಮುಖ ನೋಡದೆ ನೇರ ಬಾವಿಗೆ ಹೋಗಿ, ತಾನೇ ಕೊಡ ಇಳಿಸಿ, ಖಾಲಿ ಕೊಡ ಮೇಲೆತ್ತಿದಳು. ಆಮೇಲೆ ಹೇಳಿದಳು, “ದಿನಾ ನೀರಿಲ್ಲ ಅಂತ ಹೇಳ್ತಿಯಲ್ಲ ಅಕ್ಕಾ, ನಾ ಕೇಳ್ತೀನಿ. ಹೇಳೋದು ಬಿಡಬ್ಯಾಡ.” ಅಷ್ಟೇ ಹೇಳಿ ಗಾಡಿ ಹತ್ತಿ ಹೊರಟುಹೋದಳು. ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ನಾನು ಅವತ್ತು ಅತ್ತೆ.

ಅಕ್ಕೋರೇ, ತಪ್ಪು ನನ್ನದು. ನಿಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿಲ್ಲ. ಹಿಂದಕ್ಕೆ ಅಂಚೆ ಹೋಗುವುದಿಲ್ಲವೆಂದೂ ಬಲ್ಲೆ. ಆದರೂ ಹೇಗಾದರೂ ಇದು ನಿಮ್ಮ ಕೈಸೇರಿದರೆ ಒಂದೇ ಕೋರಿಕೆ. ಹುಣಸೆಬಾವಿಯ ಪುಟ ತೆರೆಯಿರಿ. ಯಾವಾಗಲೂ ಎಂಬುದನ್ನು ಹೊಡೆದುಹಾಕಿ. ಆ ಜಾಗದಲ್ಲಿ ನೀವು ನೀರು ಕುಡಿದ ದಿನದ ತಾರೀಖು ಹಾಕಿ. ಅಷ್ಟು ಹಳೆಯ ತಾರೀಖು ಕಂಡಿದ್ದರೆ ನಾನು ಕೊಡ ಇಳಿಸುತ್ತಿದ್ದೆ. ಮುಕ್ತಾಳಿಗೆ ಈಗ ಹತ್ತು ವರ್ಷವಾಗುತ್ತಿತ್ತು, ನಿಂಬೆ ನೋಡುವುದನ್ನು ನಾನೇ ಕಲಿಸುತ್ತಿದ್ದೆ.

ಇವತ್ತು ಬೆಳಗ್ಗೆ ನನ್ನ ಕೈಯಿಂದಲೇ ಕೊಡ ಇಳಿಸಿ ನೋಡಿದ್ದೇನೆ. ಹಗ್ಗ ಹದಿನಾರು ಮಾರು ಇಳಿಯಿತು. ನೀರಿಲ್ಲ.

ನಿಂಬೆವ್ವ