ಯಾರ ಪಾಲಿಗೂ ಸೇರದ ಕಾಲುವೆ

ಎಚ್.ಡಿ. ಕೋಟೆ ತಾಲ್ಲೂಕು
ಜುಲೈ ೨೧, ಭಾನುವಾರ

ನನ್ನ ಪ್ರೀತಿಯ ತಂಗಿ ರಾಧಾ,

ಅವ್ವನ ಮಂಡಿನೋವು ಹೇಗಿದೆ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತರೆ ಕೈ ಓಡುತ್ತಿಲ್ಲ ಕಣೇ. ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿನೊಳಗೆ ಸೊಂಟದ ಮಟ್ಟ ಕೆಂಪು ನೀರು. ಆ ನೀರಿನ ಮೇಲೆ ಒಂದು ತೊಟ್ಟಿಲು ತೇಲುತ್ತಿದೆ. ಬಗ್ಗಿ ನೋಡಲು ಹೆದರಿಕೆ. ನಮ್ಮ ಮನೆಯಲ್ಲಿ ತೂಗುವ ಕೂಸಿಲ್ಲ, ತೊಟ್ಟಿಲು ಯಾಕೆ ಬಂತು? ನಿನ್ನ ಭಾವನಿಗೆ ಹೇಳಿದರೆ, "ಮುದ್ದೆ ಜಾಸ್ತಿ ಉಂಡಿದ್ದೀಯ, ಅದ್ಕೇಯಾ. ಸುಮ್ಕಿರಮ್ಮಿ" ಅಂದರು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ದಿಬ್ಬದ ಮಾತೆತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲವಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನೀನು ಮಾರಿದ ದಿಬ್ಬವನ್ನು ಈಗ ನೋಡಿದರೆ ಗುರುತು ಹಿಡಿಯಲಾರೆ. ಹುರುಳಿ ಬಿತ್ತುತ್ತಿದ್ದ ಜಾಗವನ್ನೆಲ್ಲ ಜೆಸಿಬಿಯಲ್ಲಿ ಕೆರೆದು ರೆಸಾರ್ಟಿನವರು ಕಾಟೇಜು ಕಟ್ಟಿದ್ದಾರೆ. ಕಾರು ನಿಲ್ಲಿಸಲು ಉದ್ದಕ್ಕೂ ಸಿಮೆಂಟು. ಮಣ್ಣು ಕುಡಿಯುತ್ತಿದ್ದ ಮಳೆಯೆಲ್ಲ ಈಗ ಸೀದಾ ನಮ್ಮ ಅಂಗಳಕ್ಕೆ. ಮಾರಿದ್ದಕ್ಕೆ ನನಗೆ ಬೇಜಾರಿಲ್ಲ, ಅಪ್ಪ ನಿನಗೆ ಕೊಟ್ಟ ಪಾಲು, ನಿನ್ನಿಷ್ಟ. ಬೇಜಾರಿಲ್ಲ ಅಂದರೆ ಇದೆ. ಇರಲಿ ಬಿಡು.

ಅಪ್ಪ ಹೊಲ ಹಂಚಿದಾಗ ಮೇಲಿನದು ನಿನಗೆ, ಕೆಳಗಿನದು ನನಗೆ ಬಂತು. ನಡುವಿನ ಕಾಲುವೆಯನ್ನು ಮಾತ್ರ ಯಾರ ಪಾಲಿಗೂ ಸೇರಿಸಲಿಲ್ಲ. ಒಬ್ಬಳದು ಅಂತಾದರೆ ಇನ್ನೊಬ್ಬಳು ಗುದ್ದಲಿ ಮುಟ್ಟೋದಿಲ್ಲ ಎಂಬ ಲೆಕ್ಕ ಅಪ್ಪನದು. ಯುಗಾದಿಗೆ ವರ್ಷದ ಮೊದಲ ಉಳುಮೆಯ ಹೊನ್ನಾರು ಹೂಡುವ ಮೊದಲು ಎರಡೂ ಮನೆಯವರು ಸೇರಿ ಅದರ ಹೂಳು ಎತ್ತಬೇಕು, ಆಮೇಲೇ ನೇಗಿಲಿಗೆ ಪೂಜೆ. ನೀವು ನಿಮ್ಮೂರು ಕೊಪ್ಪದಿಂದ ಬಂದು ಸೇರುತ್ತಿದ್ದಿರಿ. ನೀನು ಕಾಲುವೆಯಲ್ಲಿ ಏಡಿ ಹಿಡಿದು ನನ್ನ ಸೆರಗಿಗೆ ಬಿಟ್ಟಿದ್ದು ನೆನಪಿದೆಯಾ? ಯಾರ ಪಾಲಿನಲ್ಲೂ ಇಲ್ಲದ ಆ ಕಾಲುವೆಯ ವಿಷಯವನ್ನು ದಿಬ್ಬ ಮಾರುವಾಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೊಂಡವರು ದಿಬ್ಬದ ಮಣ್ಣು ತಳ್ಳಿ ಅದನ್ನು ಮುಚ್ಚಿಬಿಟ್ಟರು.

ಕೇಳೋಣವೆಂದು ರೆಸಾರ್ಟಿಗೆ ಹೋದೆ. ಮ್ಯಾನೇಜರು ಶಶಿಕುಮಾರ್ ಕುರ್ಚಿ ಹಾಕಿಸಿ ಕಾಫಿ ಕೊಟ್ಟ. "ಕಾಲುವೆ ಎಲ್ಲಿತ್ತಮ್ಮ? ನಾವು ಬಂದಾಗ ಬರೀ ಪೊದೆ ಇತ್ತು. ನೀರು ತಗ್ಗಿಗೆ ತಾನೇ ಹರಿಯೋದು? ನೀವು ತಗ್ಗಲ್ಲಿದ್ದೀರ" ಅಂದ. ನನಗೆ ಮೈಯೆಲ್ಲ ಉರಿಯಿತು. ಬೈದು ಬರಬೇಕೆಂದು ಹೋದವಳು ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದೆ. ಪಂಚಾಯಿತಿಯವರು "ಮಳೆ ನಿಲ್ಲಲಿ ಕಣಮ್ಮ, ಬಂದು ನೋಡ್ತೀವಿ" ಅಂದರು. ಮಳೆ ನಿಂತ ಮೇಲೆ ನೋಡಲು ಏನಿರುತ್ತದೆ?

ಮೊದಲ ಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸಿದ್ದೆವು. ಹದಕ್ಕೆ ಬರುವ ತನಕ ಒಲೆ ಆರಬಾರದು, ನಿನಗೆ ಗೊತ್ತಲ್ಲ. ನೀರು ಒಲೆಯ ಬಾಯಿಗೇ ನುಗ್ಗಿತು. ಸೊಪ್ಪೆಲ್ಲ ಕಪ್ಪಗಾಗಿ ನಾತ ಹೊಡೆಯಿತು, ತಿಪ್ಪೆಗೆ ಹಾಕಿದೆವು. ಎರಡನೇ ಸಲ ಏರಿಸುವ ಮೊದಲು ನಿನ್ನ ಭಾವ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಅಡ್ಡ ಇಟ್ಟರು. ಈಗ ನಮ್ಮ ಕಡೆ ನೀರು ಬರುತ್ತಿಲ್ಲ. ಅಷ್ಟರ ಮಟ್ಟಿಗೆ ಪರವಾಗಿಲ್ಲ.

ಬುಧವಾರ ರೆಸಾರ್ಟಿನ ಮಾಲೀಕರೇ ಬರುತ್ತಾರಂತೆ. ನೀನು ಬಾ ರಾಧಾ. ಇಲ್ಲಿತ್ತು ಕಾಲುವೆ ಎಂದು ಮಾರಿದವಳೇ ನಿಂತು ಕೈ ತೋರಿಸಿದರೆ ಅವರು ಇಲ್ಲವೆನ್ನಲಾರರು. ಜಗಳ ಆಡಬೇಡ, ಬರೀ ತೋರಿಸು. ಬರುವಾಗ ಕೊಡೆ ಮರೆಯಬೇಡ.

ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನದೇ ಚಿಂತೆಯಲ್ಲಿರುವ ಅಕ್ಕ,
ಪುಟ್ಟತಾಯಮ್ಮ

ಮತ್ತೆ ಬರೆದದ್ದು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಕವರು ಅಂಟಿಸಲು ಮನಸ್ಸು ಬರುತ್ತಿಲ್ಲ. ನಮ್ಮ ಚೀಲಗಳಿಗೆ ಬಡಿದ ನೀರು ತಿರುಗಿ ಕೆಳಮನೆಯ ಚಿಕ್ಕಬೀರಯ್ಯನವರ ಗೋಡೆಗೆ ಹೋಗುತ್ತಿದೆ. ಅವರ ಮಗಳು ಚಿನ್ನು ಹೆರಿಗೆಗೆ ಬಂದಿದ್ದಾಳೆ. ಬಾಣಂತನಕ್ಕೆಂದು ಅಣಿ ಮಾಡಿದ ಕೋಣೆಯ ನೆಲವೆಲ್ಲ ಒದ್ದೆ. ನಿನ್ನೆ ಅವರು ಬಾಗಿಲಿಗೆ ಬಂದು, "ಏನವ್ವ, ನಿನ್ ಮನೆ ನೀರ್ನೆಲ್ಲ ನಮ್ಮನೆಗ್ ಕಳ್ಸಿದ್ದೀಯಲ್ಲ, ಎಳೆ ಕೂಸು ಮಲ್ಗೋ ಜಾಗ ಕಣವ್ವ ಅದು" ಅಂದರು. ನಾನು ಕುರ್ಚಿ ಹಾಕಿ ಕಾಫಿ ಕೊಟ್ಟು, "ನೀರು ತಗ್ಗಿಗೆ ತಾನೇ ಬೀರಣ್ಣ ಹರಿಯೋದು" ಅಂದೆ. ನನ್ನ ಬಾಯಿಂದಲೇ ಬಂತು ಕಣೇ ಆ ಮಾತು. ಅವರು ಕಾಫಿ ಮುಟ್ಟದೆ ಎದ್ದು ಹೋದರು.

ರೆಸಾರ್ಟಿನವರು ಮುಚ್ಚಿದ ಕಾಲುವೆ ತೆಗೆಸುವ ತನಕ ಕಾಯಲಾಗುವುದಿಲ್ಲ. ನಿಂತಿರುವ ಸೊಪ್ಪಿನ ಸಾಲನ್ನೇ ಕಿತ್ತು, ನಮ್ಮ ಹೊಲದಲ್ಲೇ ಕಾಲುವೆ ತೋಡಿ, ಮುಂದೆ ಅಪ್ಪನ ಕಾಲುವೆಯ ಹಳೇ ಜಾಡಿಗೇ ಸೇರಿಸಿ ಕೆರೆಗೆ ಬಿಡೋಣ ಅಂದೆ. ಗೊಣಗಿಕೊಂಡಾದರೂ ನಿನ್ನ ಭಾವ ಒಪ್ಪಿದ್ದಾರೆ. ಅದಕ್ಕೆ ಅವ್ವನನ್ನು ಇನ್ನೊಂದು ಸಲ ಕೇಳು: ಅಪ್ಪನ ಕಾಲುವೆ ಬೀರಣ್ಣನ ಹುಣಸೆಮರದ ಮೇಲ್ಗಡೆ ತಿರುಗುತ್ತಿತ್ತೋ, ಕೆಳಗಡೆಯೋ? ಹೋದ ವಾರ ಫೋನಿನಲ್ಲಿ ಕೆಳಗಡೆ ಅಂದಳು. ಕೆಳಗಡೆ ತೋಡಿದರೆ ಮತ್ತೆ ಅವರ ಅಂಗಳಕ್ಕೇ ಬೀಳುತ್ತದೆ. ಅವ್ವ ನಿದ್ದೆಗಣ್ಣಿನಲ್ಲಿರುವಾಗ ಕೇಳಬೇಡ, ಕಾಫಿ ಕುಡಿಸಿ ಕೇಳು. ಈ ಕಾಗದವನ್ನು ಕೈಯಲ್ಲೇ ತರುವ ನಮ್ಮೂರ ನಂಜುಂಡಸ್ವಾಮಿಯನ್ನು ಕೂರಿಸಿಕೊಂಡೇ ಕೇಳಿ ನನಗೆ ಫೋನು ಮಾಡು. ಗುದ್ದಲಿ ಬಾಗಿಲಲ್ಲೇ ಇದೆ.