ಒಂದೇ ಫ್ರೀಜರಿನಲ್ಲಿ ಎರಡು ಪಾಲು

ಟೋಟೆಮ್ ಲೇಕ್, ಕರ್ಕ್‌ಲ್ಯಾಂಡ್
ಮಂಗಳವಾರ, 11 ನವೆಂಬರ್ 2025

ನನ್ನವ್ವಾ,

ಮಂಡಿನೋವು ಹೇಗಿದೆ? ಡಾಕ್ಟ್ರು ಕೊಟ್ಟ ಎಣ್ಣೆ ದಿನಾ ಹಚ್ಕೋತಿದೀಯಾ, ಇಲ್ಲ ಬಾಟ್ಲಿ ಕಿಟಕಿ ಮೇಲೆ ಹಾಗೇ ಕೂತಿದೆಯಾ? ಶುಗರ್ ಮಾತ್ರೆ ಮಾತ್ರ ತಪ್ಪಿಸಬೇಡ. ನಾವಿಲ್ಲಿ ಆರೋಗ್ಯವಾಗಿದೀವಿ. ಅನುಶ್ರೀಗೆ ಮುಂದಿನ ಹಲ್ಲು ಎರಡೂ ಬಿದ್ದಿದೆ, ಅಜ್ಜಿಗೆ ತೋರಿಸ್ಬೇಕು ಅಂತ ಇಂಗ್ಲಿಷಲ್ಲೇ ಕುಣೀತಾಳೆ. ಫೋನ್ ಮಾಡಿದಾಗೆಲ್ಲ ನೀನು "ಯಾಕೆ ಮಗಾ, ದನಿ ಇಳಿದೋಗದೆ" ಅಂತ ಕೇಳ್ತೀಯ, ನಾನು ನೆಗಡಿ ಅಂತೀನಿ. ನೆಗಡಿ ಅಲ್ಲ ಅವ್ವಾ. ನಿನಗೆ ಕಿವಿ ಮಂದ, ಸ್ಪೀಕರ್ ಹಾಕ್ಕೊಂಡೇ ಮಾತಾಡ್ತೀಯ, ಕೆಳಗಡೆ ಓನರ್ ಮನೆಯವರಿಗೆ ಪ್ರತಿ ಮಾತೂ ಕೇಳುತ್ತೆ. ಅದಕ್ಕೇ ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸ್ತಿದೀನಿ. ಬೆರಳಲ್ಲಿ ದೊಡ್ಡದು ಮಾಡ್ಕೊಂಡು ನಿಧಾನವಾಗಿ ಓದು.

ಇಲ್ಲಿ ದನದ ಬಾಡು ಅಂಗಡಿಯಲ್ಲೇ ಸಿಗುತ್ತೆ, ಅದು ನಿನಗೆ ಗೊತ್ತು. ಆದರೆ ನಿನ್ನಳಿಯ ರಘು ಆಫೀಸಿನ ಒಬ್ಬ ಅಮೆರಿಕದವನು, "ನಾವು ನಾಲ್ಕು ಮನೆಯವರು ಸೇರಿ ದನ ಸಾಕೋರ ಹತ್ರಾನೇ ಒಂದು ಇಡೀ ದನ ತಗೋತೀವಿ, ಅವರೇ ಕೊಯ್ಸಿ, ತುಂಡು ಮಾಡ್ಸಿ, ಕಾಗದದಲ್ಲಿ ಸುತ್ತಿ ಕೊಡ್ತಾರೆ, ವರ್ಷ ಪೂರ್ತಿ ಬರುತ್ತೆ, ನೀನೂ ಸೇರ್ಕೋ" ಅಂದನಂತೆ. ರಘು ಮನೆಗೆ ಬಂದು ಹೇಳಿದಾಗ ನಾವಿಬ್ಬರೂ ಒಟ್ಟಿಗೇ ನಕ್ಕುಬಿಟ್ವಿ. ನಮ್ಮ ಕೇರಿಯ ಗುಡ್ಡೆ ಬಾಡೇ ಅಲ್ವಾ ಇದು! ಹಬ್ಬಕ್ಕೆ ಮುಂಚೆ ಮುತ್ತುಗದೆಲೆ ಹಾಸಿ ಗುಡ್ಡೆ ಮಾಡ್ತಿದ್ರಲ್ಲ, ಒಂದೊಂದು ಗುಡ್ಡೆಗೂ ಇಲ್ಲಿ ಲಿವರ್ ಅಂತಾರಲ್ಲ, ಆ ಈಲಿ ಚೂರು ಬಿದ್ದಿದೆಯಾ ಅಂತ ನೋಡದೆ ಅಪ್ಪ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಮೈಸೂರಿಗೆ ಬಂದ ಮೇಲೆ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ ಬೇಯಿಸಿದ್ದೇ ನನಗೆ ಜಾಸ್ತಿ ನೆನಪು. ಇಲ್ಲಿ ಯಾರ ಹೆದರಿಕೆ ಅಂದ್ಕೊಂಡು ಗ್ಯಾರೇಜಿಗೆ ಒಂದು ದೊಡ್ಡ ಫ್ರೀಜರ್ ತಂದಿಟ್ವಿ.

ಆಗ ನಡುವೆ ಬಂದೋನು ಶಶಿಕಾಂತ. ಬೆಲ್ವ್ಯೂ ಆಫೀಸಲ್ಲಿ ರಘು ಮೇಲಿನವನು, ಬಾಗಲಕೋಟೆ ಕಡೆಯವನು. ಕನ್ನಡದವರ ಕಾರ್ಯಕ್ರಮ ಏನೇ ಇರಲಿ, ಮೈಕ್ ಅವನ ಕೈಯಲ್ಲೇ. ನಮ್ಮನ್ನ ಮೊದಲ ಸಲ ನೋಡಿದಾಗಲೇ, "ಚಾಮರಾಜನಗರ ಅಂದ್ರಿ, ಅದರಾಗ ಯಾವ ಪೈಕಿ?" ಅಂತ ನಗ್ತಾ ಕೇಳಿದ್ದ. ರಘು ಮಾತು ಬದಲಾಯಿಸಿದ್ದ. ಅಂಥವನು ಒಂದು ದಿನ ರಘು ಪಕ್ಕ ಬಂದು ದನಿ ತಗ್ಗಿಸಿ, "ಒಂದು ಪಾಲು ನನಗೂ ಹೇಳಪ್ಪಾ. ಅವ್ವ ಊರಿಂದ ಬಂದಾಳ, ನಮ್ಮನ್ಯಾಗ ಇಡಾಕ ಆಗಂಗಿಲ್ಲ. ನಿಮ್ಮ ಫ್ರೀಜರ್‌ನ್ಯಾಗ ಇರಲಿ" ಅಂದನಂತೆ.

ನನಗೆ ಅವತ್ತೇ ಅನುಮಾನ. ಇಷ್ಟು ಜನ ಇರೋ ಊರಲ್ಲಿ ನಮ್ಮನ್ನೇ ಯಾಕೆ ಹುಡುಕ್ಕೊಂಡು ಬಂದ? ನಾವು ತಿನ್ನೋರು ಅಂತ ಅವನಿಗೆ ಖಚಿತ ಮಾಡ್ಕೋಬೇಕಿತ್ತಾ? ನಾಳೆ ನಾಲ್ಕು ಜನರ ಮುಂದೆ ಆಡ್ತಾನಾ? ಬೇಡ ಅಂದ್ಬಿಡು ಅಂದೆ. ರಘು, "ಮೇಲಿನವನಿಗೆ ಬೇಡ ಅನ್ನೋದು ಹೇಗೆ ಮೈತ್ರಿ" ಅಂದ. ಒಪ್ಪಿಕೊಂಡೆ. ಆದರೆ ಶಶಿಕಾಂತನ ಹೆಂಡತಿ ಸ್ವಪ್ನಾ ಸಿಕ್ಕಾಗೆಲ್ಲ, "ಫ್ರೀಜರ್ ತಗೊಂಡ್ರಂತಲ್ಲ, ಭಾಳ ದೊಡ್ಡದೇನು?" ಅಂತ ಕೇಳೋಳು. ಇವಳಿಗೆ ಗೊತ್ತಿದೆಯೋ, ಗೊತ್ತಿಲ್ಲದೆ ಕೆದಕ್ತಿದಾಳೋ, ಮುಖ ನೋಡಿದ್ರೆ ಒಂದೂ ತಿಳೀತಿರಲಿಲ್ಲ. ಅವಳ ಮೆಸೇಜ್ ಬಂದ್ರೂ ಎರಡೆರಡು ಸಲ ಓದೋ ಹಾಗಾಗಿತ್ತು.

ಅಕ್ಟೋಬರಲ್ಲಿ ಘಾಟಿ ದಾಟಿ ಎಲೆನ್ಸ್‌ಬರ್ಗ್ ಕಡೆಗೆ ಹೋಗಿ ನಮ್ಮದು, ಶಶಿಕಾಂತನದು ಎರಡು ಪಾಲೂ ತಂದ್ವಿ. ದನ ಸಾಕೋಳು ಕ್ಯಾರಲ್ ಅಂತ, ನಿನ್ನ ವಯಸ್ಸಿನವಳು, ಬೂಟ್ ಹಾಕ್ಕೊಂಡು ನಮಗಿಂತ ಮುಂದೆ ನಡೀತಾಳೆ. ತುಂಡು ಮಾಡೋ ಅಂಗಡಿ ಮುಂದೆ ಡಬ್ಬ ಎತ್ತಿ ಕೊಡ್ತಾ, "ಶಶಿ ಈ ವರ್ಷ ಬರಲಿಲ್ವಾ? ಪ್ರತಿ ವರ್ಷ ಅವನೇ ಬಂದು ಒಯ್ತಿದ್ದ" ಅಂದ್ಳು. ನಾನೂ ರಘುನೂ ಮುಖ ಮುಖ ನೋಡ್ಕೊಂಡ್ವಿ. ಆಮೇಲೆ ಅವಳೇ, "ಎಲ್ಲ ಪೊಟ್ಟಣದ ಮೇಲೂ ನಿಮ್ಮ ಹೆಸರೇ ಹಾಕಿದೀವಿ. ಹಾಗೇ ಮಾಡಿ ಅಂತ ಶಶಿ ಫೋನ್ ಮಾಡಿದ್ದ" ಅಂದ್ಳು. ವಾಪಸ್ ಬರ್ತಾ ಕಾರಲ್ಲಿ ನಮಗೆ ಅರ್ಥವಾಯ್ತು. ಸಿಕ್ಕಿಬಿದ್ರೆ ನಾವೇ ಸಿಕ್ಕಿಬೀಳಲಿ ಅಂತ ಅವನು ಮೊದಲೇ ಕೂತು ಯೋಚಿಸಿದ್ದ. ಅವನಿಗೆ ಅದು ನಾಲಿಗೆ ಚಪಲ ಅಷ್ಟೇ. ನಮ್ಮ ಮನೇಲಿ ಸಿಕ್ಕಿದ್ರೆ ನಮ್ಮ ಕುಲ ಎತ್ತಿ ಆಡ್ತಾರೆ.

ಹೋದ ಶನಿವಾರ ಅನುಶ್ರೀ ಹುಟ್ಟುಹಬ್ಬ. ಕರೀದೆ ಇರೋಕಾಗಲ್ಲ, ಕರೆದೆ. ಶಶಿಕಾಂತ, ಸ್ವಪ್ನಾ, ಅವನ ತಾಯಿ ಗೌರಾದೇವಿಯವರು ಬಂದ್ರು. ಆಕೆ ಹೈಸ್ಕೂಲ್ ಮೇಡಂ ಆಗಿ ರಿಟೈರ್ ಆದೋರು, ಪೂಜೆ ಮಾಡದೆ ನೀರೂ ಮುಟ್ಟದೋರು. ಅಡುಗೆಮನೇಲೂ ಸುಮ್ಮನೆ ಕೂರಲಿಲ್ಲ ಪಾಪ. ನಾನು ಕೇಕ್ ಹಂಚ್ತಿದ್ದಾಗ ಕರಗ್ತಿದ್ದ ಐಸ್‌ಕ್ರೀಮ್ ಡಬ್ಬ ಎತ್ಕೊಂಡು, ಇಲ್ಲಿನ ಫ್ರಿಜ್ಜಲ್ಲಿ ಜಾಗ ಇಲ್ಲ ಅಂತ ತಾವಾಗೇ ಗ್ಯಾರೇಜಿಗೆ ಹೋಗಿದಾರೆ. ನಾನು ನೋಡಿ ಓಡೋ ಹೊತ್ತಿಗೆ ಮುಚ್ಚಳ ತೆಗೆದು, ಕನ್ನಡಕ ಸರಿ ಮಾಡ್ಕೊಂಡು ಪೊಟ್ಟಣದ ಮೇಲಿಂದು ಓದ್ತಾ ನಿಂತಿದ್ರು.

ನನ್ನ ಹಿಂದೇನೇ ಉಳಿದೋರೂ ಬಂದ್ರು. ಶಶಿಕಾಂತ ಒಂದು ಕ್ಷಣ ಬಿಳುಚಿಕೊಂಡ. ಆಮೇಲೆ ತಾಯಿ ಭುಜದ ಮೇಲೆ ಕೈ ಇಟ್ಟು ಎಷ್ಟು ಮೆತ್ತಗೆ ಅಂದ ಗೊತ್ತಾ: "ಹೋಗ್ಲಿ ಬಿಡವ್ವಾ, ಅವರ ಪದ್ಧತಿ ಅವರಿಗೆ. ನಾವ್ಯಾಕ ಕೆಟ್ಟ ಅನ್ನೂಣು?" ನಮ್ಮನ್ನ ಕ್ಷಮಿಸಿಬಿಟ್ಟ ಅವ್ವಾ! ರಘು ನೆಲ ನೋಡ್ತಾ ನಿಂತಿದ್ದ. ಅದನ್ನ ನೋಡಿ ನನಗೆ ತಡೆಯೋಕಾಗಲಿಲ್ಲ. "ಎಡಗಡೆದು ನಮ್ಮದು ಶಶಿಕಾಂತ್, ಬಲಗಡೆದು ನಿಮ್ಮದು. ಹೋಗೋವಾಗ ತಗೊಂಡು ಹೋಗಿ" ಅಂದೆ.

ಅವನು ನಕ್ಕ. "ಹೆಸರು ನೋಡವ್ವಾ, ಎಲ್ಲಾದರ ಮ್ಯಾಲೂ ರಘು ಅಂತೈತಿ" ಅಂದ. ಎಲ್ಲರೂ ನನ್ನನ್ನೇ ನೋಡ್ತಿದ್ರು. ಆಗ ಮಾತಾಡಿದ್ದು ಸ್ವಪ್ನಾ. ಅನುಶ್ರೀ ಗೆಳತಿಯರಿಗೆ ಕೊಡೋ ತಟ್ಟೆ ಹಿಡ್ಕೊಂಡೇ ನಿಂತಿದ್ಳು. "ಅತ್ತಿ, ಅರ್ಧ ನಮ್ಮದ ಐತ್ರಿ. ನೀವು ಬರೂಕಿಂತ ಮದ್ಲ ನಮ್ಮನ್ಯಾಗ ಇರ್ತಿತ್ತು" ಅಂದ್ಳು. ಇಷ್ಟು ದಿನ ನಾನು ಯಾರನ್ನ ಎಲ್ಲರಿಗಿಂತ ಹೆಚ್ಚು ಅನುಮಾನಿಸಿದ್ನೋ ಅವಳು! ಗೌರಾದೇವಿಯವರು ಮುಚ್ಚಳ ಹಾಕಿದ್ರು, ಕೈ ತೊಳಕೊಂಡ್ರು, ಅನುಶ್ರೀ ತಲೆ ಸವರಿ, ಕೇಕ್ ಮುಟ್ಟದೆ ಹೋಗಿ ಕಾರಲ್ಲಿ ಕೂತ್ರು.

ಆ ರಾತ್ರಿ ರಘು ನನ್ನ ಮೇಲೇ ಸಿಟ್ಟಾದ. "ಕೆಲಸ ಹೋದ್ರೆ ಏನು ಮಾಡೋಣ" ಅಂದ. ನಿನ್ನೆ ಬೆಳಿಗ್ಗೆ ನೋಡ್ತೀನಿ, ನಾನು ಏಳೋಕೆ ಮುಂಚೆ ಬಲಗಡೆದನ್ನೆಲ್ಲ ಡಬ್ಬಕ್ಕೆ ತುಂಬ್ತಿದಾನೆ. ಬೆಲ್ವ್ಯೂ ಆಫೀಸಿನ ಪಾರ್ಕಿಂಗಲ್ಲಿ ಶಶಿಕಾಂತನ್ನ ನಿಲ್ಲಿಸಿ, ಅವನ ಕಾರಿನ ಡಿಕ್ಕಿಗೆ ತಾನೇ ಎತ್ತಿಟ್ಟು ಬಂದನಂತೆ. ಇವತ್ತು ರಘು ಇಲ್ಲದ ಒಂದು ಮೀಟಿಂಗ್ ಆಗಿದೆ. ಅದು ಇದಕ್ಕೇನಾ, ಸುಮ್ಮನೇನಾ, ಹೇಗೆ ಹೇಳೋದು? ಇನ್ಮೇಲೆ ಪ್ರತಿಯೊಂದರಲ್ಲೂ ಅದನ್ನೇ ಹುಡುಕ್ತೀವಿ. ಆದರೂ ನಿನ್ನಳಿಯ ನಿನ್ನೆ ಎರಡು ಸಲ ಬಡಿಸ್ಕೊಂಡು ಉಂಡ. ಬಾಡು ಚೆನ್ನಾಗಿದೆ, ಎಲ್ಲ ಹುಲ್ಲು ತಿಂದು ಬೆಳೆದ ದನ.

ಕಾಲಿಗೆ ಬಿಸಿನೀರಿನ ಶಾಖ ಕೊಡು, ಮೆಟ್ಟಿಲು ಇಳಿಯೋವಾಗ ಜೋಪಾನ. ಅಲ್ಲಿಂದಲೇ ನಮ್ಮ ಮೂವರ ತಲೆ ಮೇಲೂ ಕೈಯಿಟ್ಟು ಹರಸು.

ನಿನ್ನ ಮಗಳು,
ಮೈತ್ರಿ

ಇನ್ನೊಂದು ಮಾತು: ಬರೆದು ಮುಗಿಸೋ ಹೊತ್ತಿಗೆ ಗೌರಾದೇವಿಯವರು ಫೋನ್ ಮಾಡಿದ್ರು. "ನಿಮ್ಮ ತಾಯಿ ನಂಬರ್ ಕೊಡ್ರಿ, ಮಾತಾಡೂದೈತಿ" ಅಂದ್ರು. ಏನು ವಿಷಯ ಅಂದೆ. "ಅವರ ಹತ್ರನ ಹೇಳ್ತೀನಿ" ಅಂದ್ರು. ಕೊಟ್ಟೆ. ಒಳ್ಳೆ ಮನಸ್ಸಿಂದಲೋ, ನಮ್ಮ ಬೇರು ಕೆದಕೋಕೋ, ನನಗೆ ಗೊತ್ತಿಲ್ಲ. ನಾಳೇನೇ ಮಾಡಬಹುದು. ಕೇಳಿದೋರಿಗೆಲ್ಲ ನೀನು "ನಾವು ಗೌಡ್ರ ಪೈಕಿ" ಅಂತೀಯಲ್ಲ, ಈ ಸಲ ಹಾಗನ್ನಬೇಡ ಅವ್ವಾ. ನಮ್ಮ ಕೇರಿ ಹೆಸರೇ ಹೇಳು, ಅಪ್ಪನ ಹೆಸರು ಹೇಳು. ಬಗಲಲ್ಲಿ ಕೂತಿರೋ ರಘುನೂ ಇದನ್ನೇ ಬರಿ ಅಂತಿದಾನೆ.