ಬೆರಳಿನ ಅರಿಶಿನ

ಸಿಂಗಾಪುರ ಬಡಾವಣೆ, ಬೆಂಗಳೂರು
೧೦ ನವೆಂಬರ್ ೨೦೨೫

ಐಶ್ವರ್ಯಳ ಅಪ್ಪನವರಿಗೆ, ನಿಮ್ಮ ರಾಧಾಮಣಿ ಮಾಡುವ ನಮಸ್ಕಾರಗಳು.

ಇಲ್ಲಿ ಅತ್ತೆ, ಮಗಳು, ನಾನು ಎಲ್ಲರೂ ಕ್ಷೇಮ. ದಿನಾ ವಿಡಿಯೊ ಕಾಲ್ ಮಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡಿ. ಫೋನಿನಲ್ಲಾದರೆ ನೀವು ಮಾತು ತೇಲಿಸಿಬಿಡುತ್ತೀರಿ.

ಮೊನ್ನೆ ಮತ್ತಿಕೆರೆಯ ಕಾಲೇಜಿನಲ್ಲಿ ಐಶ್ವರ್ಯಳ ಗೆಳತಿಯರು ಒಂದು ಇಟಲಿ ಸಿನಿಮಾ ಹಾಕಿದ್ದರು. ನೀವಿರುವ ದೇಶ ನೋಡೋಣ ಅಂತ ನಾನೂ ಹೋದೆ. ನೋಡಿದರೆ ಅದು ಇಟಲಿ ಬಿಟ್ಟು ಹೋದವನ ಕಥೆ! ಅವರೂ ಒಂದು ಕಾಲಕ್ಕೆ ಹೊಟ್ಟೆಪಾಡಿಗೆ ಪರದೇಶಕ್ಕೆ ಹೋಗುತ್ತಿದ್ದರಂತೆ. ಆ ಪುಣ್ಯಾತ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ, ಮನೆಗೆ ಮಾತ್ರ ತಾನೇ ಯಜಮಾನ ಅಂತ ಬರೆಯುತ್ತಾನೆ. ಹೆಂಡತಿ ಹುಡುಕಿಕೊಂಡು ಬಂದರೆ ನಾಚಿಕೆಯಿಂದ ಅಡುಗೆಮನೆಯಲ್ಲಿ ಅವಿತುಕೊಳ್ಳುತ್ತಾನೆ. ಅವಳು ಕಾದು ಕಾದು ವಾಪಸ್ ಹೋದಾಗ ನನಗೆ ಅಳು ತಡೆಯಲಾಗಲಿಲ್ಲ.

ಆಗಲೇ ನನಗೆ ಕಳೆದ ಸಂಕ್ರಾಂತಿ ನೆನಪಾಯಿತು. ಹಾಲಿನ ಕಂಪನಿಯ ಮ್ಯಾನೇಜರ್ ಸಾಹೇಬರು ಅಂತ ನಾವು ನಂಬಿದ್ದ ನೀವು ವಿಡಿಯೊ ಕಾಲಿನಲ್ಲಿ ಮಾತಾಡುತ್ತಾ ಹಣೆ ಒರೆಸಿಕೊಂಡಿರಿ. ಬೆರಳೆಲ್ಲಾ ಅರಿಶಿನ! ಕೇಳಿದ್ದಕ್ಕೆ ಸಾರು ಮಾಡಿದೆ ಅಂದಿರಿ. ರೀ, ಸಾರಿಗೆ ಯಾರಾದರೂ ಅಷ್ಟು ಅರಿಶಿನ ಹಾಕುತ್ತಾರೆಯೇ? ಪರದೇಶದ ಕೊಟ್ಟಿಗೆಯಲ್ಲೂ ಹಬ್ಬದ ದಿನ ಹಸುವಿಗೆ ಅರಿಶಿನ ಬಳಿಯದೆ ನಿಮಗೆ ಇರಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ನಮ್ಮ ಹೊಲ ಲೇಔಟ್ ಆಗಿ ಕೊನೆಯ ಹಸು ಮನೆ ಬಿಟ್ಟ ದಿನ, "ಇನ್ನು ಸಗಣಿ ಮುಟ್ಟಲ್ಲ ಕಣೇ, ಆಫೀಸರ್ ಆಗೇ ಊರಿಗೆ ಬರ್ತೀನಿ" ಅಂದಿದ್ದಿರಿ. ವರ್ಷ ವರ್ಷವೂ ರಜೆ ಸಿಗದೇ ಇರುವುದು ಅದಕ್ಕೇ ಅಲ್ಲವೇ? ನನಗೆ ಸಿಟ್ಟಿಲ್ಲ. ಸಗಣಿ ಬಾಚುವ ಆ ಕೈಯಿಂದಲೇ ಈ ಮನೆ ನಡೆಯುತ್ತಿದೆ, ಮಗಳು ಓದುತ್ತಿದ್ದಾಳೆ. ನಿಮ್ಮ ಋಣ ದೊಡ್ಡದು. ಹಸುಗಳ ಜೊತೆ ಇದ್ದೀರಿ ಅಂತ ತಿಳಿದ ಮೇಲೆ ನನಗೂ ಸಮಾಧಾನ, ಅಲ್ಲಿ ನೀವು ಒಂಟಿಯಲ್ಲ.

ಈ ಸಂಕ್ರಾಂತಿಗೆ ಬನ್ನಿ. ಮ್ಯಾನೇಜರ್ ಅಲ್ಲೇ ಇರಲಿ, ನೀವು ಬನ್ನಿ. ಏರ್‌ಪೋರ್ಟಿನ ಬಾಗಿಲಲ್ಲಿ ನಿಂತಿರುತ್ತೇನೆ. ಆ ಸಿನಿಮಾದ ಹೆಂಗಸಿನ ಹಾಗೆ ವಾಪಸ್ ಹೋಗುವವಳು ನಾನಲ್ಲ.

ನಿಮ್ಮ ದಾರಿ ನೋಡುತ್ತಿರುವ,
ರಾಧಾಮಣಿ

ಇನ್ನೊಂದು ಮಾತು: ಇದನ್ನೆಲ್ಲ ಅತ್ತೆಗೆ ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ಅವರು ಮಗನ ಬೆರಳಿನ ಅರಿಶಿನವನ್ನು ಅವತ್ತೇ ಕಂಡು ಎಲ್ಲ ಊಹಿಸಿದ್ದರಂತೆ. ಈಗ ಪಕ್ಕದಲ್ಲೇ ಕೂತು, "ನಮ್ ಮುನೇಸ ಆ ಅಸೂಗೆ ಏನ್ ಎಸ್ರು ಮಡಗವ್ನೆ, ಕೇಳು" ಅನ್ನುತ್ತಿದ್ದಾರೆ.